ಹಿಂದಿನವರು ಬಿಟ್ಟುಹೋದ ವಿಳಾಸ

ಮಾರ್ಚ್ 3, ಸೋಮವಾರ

ಅಕ್ಕನ ಮಾತು ಕೇಳಿ ಬರೆಯಲು ಕೂತಿದ್ದೇನೆ. "ನಿನ್ನ ತಲೇಲಿರೋ ಕಾಗೆಗಳನ್ನ ಕಾಗದಕ್ಕೆ ಬಿಡು ಪುಟ್ಟಿ, ನನ್ನ ಕಿವೀಲಿ ಇನ್ನು ಜಾಗ ಇಲ್ಲ" ಅಂದಳು. ಅವಳಿಗೆ ತಮಾಷೆ. ದಿನವಿಡೀ ಆಂಬುಲೆನ್ಸ್ ನಿಯಂತ್ರಣ ಕೊಠಡಿಯಲ್ಲಿ ಕೂತು ಅಳುವವರ, ಕಿರುಚುವವರ ಫೋನು ತೆಗೆದುಕೊಳ್ಳುವವಳಿಗೆ ನನ್ನ ಭಯಗಳು ಇರುವೆಯ ಹಾಗೆ ಕಾಣಬಹುದು. ಕಚ್ಚಿಸಿಕೊಳ್ಳುವವಳಿಗೆ ಇರುವೆಯೂ ದೊಡ್ಡದೇ.

ಇವತ್ತು ಆಫೀಸಿನಲ್ಲಿ ನಮ್ಮ ವಿಭಾಗ ನೋಡಿಕೊಳ್ಳುವ ಮೇಡಂ ಹೊಸ ಕೆಲಸ ಕೊಟ್ಟರು. ನಮ್ಮ ಕಂಪನಿ ಮಾಡುವುದು ನೆಟ್‌ವರ್ಕ್ ಪೆಟ್ಟಿಗೆಗಳನ್ನು. ಬ್ಯಾಂಕಿನಲ್ಲಿ, ಬಂದರಿನಲ್ಲಿ, ಅಕ್ಕನ ನಿಯಂತ್ರಣ ಕೊಠಡಿಯಲ್ಲಿ ಗೋಡೆಗೆ ಜಡಿದು ಕೂತು, ಹೊರಗಿನಿಂದ ಬಂದದ್ದನ್ನು ಒಳಗಿನ ಕಂಪ್ಯೂಟರುಗಳಿಗೆ ದಾಟಿಸುವ ಕಪ್ಪು ಪೆಟ್ಟಿಗೆಗಳು. ಅದರ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಕರ್ನಲ್‌ನಲ್ಲಿ ನೆಟ್‌ವರ್ಕ್ ಭಾಗ ನಮ್ಮ ವಿಭಾಗದ್ದು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರ್ ತೆಗೆದು ಹೊಸದು ಹಾಕಿದ್ದೇ ತಡ, ತೆರೆಯ ತುಂಬ ಹಳದಿ ಎಚ್ಚರಿಕೆಗಳು ಸುರಿದವು. ಎಲ್ಲಕ್ಕೂ ಒಂದೇ ರಾಗ: ಈ ವೇರಿಯಬಲ್‌ಗೆ ಏನನ್ನೂ ತುಂಬುವ ಮೊದಲೇ ಓದುತ್ತಿರಬಹುದು.

ಹಾಗೆಂದರೇನು ಎಂದು ಅಕ್ಕ ಕೇಳಿದಳು. ವೇರಿಯಬಲ್ ಒಂದು ಬಾಡಿಗೆ ಕೋಣೆ, ಅಂದೆ. ಹೊಸಬರು ಸಾಮಾನು ಇಡುವ ಮೊದಲೇ ಬಾಗಿಲು ತೆರೆದರೆ ಒಳಗೆ ಖಾಲಿ ಇರುವುದಿಲ್ಲ. ಹಿಂದಿನವರು ಬಿಟ್ಟುಹೋದ ಚಪ್ಪಲಿಯೋ ಮುರಿದ ಕುರ್ಚಿಯೋ ಇರುತ್ತದೆ. ಯಂತ್ರಕ್ಕೆ ಅದು ಹೊಸಬರದ್ದಲ್ಲ ಎಂದು ಗೊತ್ತಾಗುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಅಕ್ಕ ನಕ್ಕಳು.

"ಈ ತಿಂಗಳೊಳಗೆ ಒಂದೂ ಹಳದಿ ಸಾಲು ಕಾಣಬಾರದು" ಎಂದು ಮೇಡಂ ಹೇಳಿದರು. ಅಷ್ಟರಲ್ಲಿ ನನ್ನ ಗುತ್ತಿಗೆಯೂ ಮುಗಿಯುತ್ತದೆ. ಕೆಲಸ ಮುಗಿಯದಿದ್ದರೆ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಕರ್ನಲ್‌ನಲ್ಲಿ ಕೈ ತಪ್ಪಿದರೆ ಇಡೀ ಪೆಟ್ಟಿಗೆಯೇ ನಿಂತುಹೋಗುತ್ತದೆ, ಆಗಲೂ ಇಟ್ಟುಕೊಳ್ಳುವುದಿಲ್ಲ.

ಮಾರ್ಚ್ 6, ಗುರುವಾರ

ಪಕ್ಕದ ಮೇಜಿನವನಿಗೆ ಇಡೀ ವಿಭಾಗ ಸೊನ್ನೆರಾಯ ಎಂದು ಹೆಸರಿಟ್ಟಿದೆ. ಎಚ್ಚರಿಕೆ ಬಂದ ಕಡೆಯಲ್ಲೆಲ್ಲ ವೇರಿಯಬಲ್‌ಗೆ ಒಂದು ಸೊನ್ನೆ ತುಂಬಿ ಮುಂದೆ ಹೋಗುತ್ತಾನೆ. ಕಂಪೈಲರ್ ಬಾಯಿ ಮುಚ್ಚುತ್ತದೆ. "ಓದ್ತಾ ಕೂತ್ರೆ ಮುದುಕಿ ಆಗ್ತೀರ" ಎಂದು ನನಗೆ ಹೇಳಿದ. ನನಗಿಂತ ಹತ್ತು ಪಟ್ಟು ಮುಂದಿದ್ದಾನೆ.

ಓದದೆ ಸೊನ್ನೆ ಹಾಕಲು ನನಗೆ ಧೈರ್ಯ ಇಲ್ಲ. ಇದು ಶ್ರದ್ಧೆಯಲ್ಲ, ಬರೀ ಹೆದರಿಕೆ. ಒಂದೊಂದು ಎಚ್ಚರಿಕೆಗೂ ಆ ಫಂಕ್ಷನ್ನನ್ನು, ಅಂದರೆ ಒಂದು ಕೆಲಸ ಮಾಡುವ ಸಾಲುಗಳ ಕಟ್ಟನ್ನು, ಮೇಲಿಂದ ಕೆಳಗೆ ಓದುತ್ತೇನೆ, ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳುವ ಫಂಕ್ಷನ್ನನ್ನೂ ಓದುತ್ತೇನೆ. ಮುಕ್ಕಾಲು ಪಾಲು ಸುಳ್ಳು. ಯಾವ ದಾರಿಯಲ್ಲಿ ಹೋದರೂ ಕೋಣೆ ತುಂಬಿಯೇ ಇರುತ್ತದೆ, ಕಂಪೈಲರ್‌ಗೆ ಅದು ಕಾಣುವುದಿಲ್ಲ ಅಷ್ಟೆ. ತೋಳ ಬಂತು ತೋಳ ಎಂದು ಕೂಗುವ ಹುಡುಗನ ಹಾಗೆ. ಅವನ ಕಥೆಯಲ್ಲಿ ಕೊನೆಗೊಂದು ದಿನ ತೋಳ ಬಂದೇ ಬಂತಲ್ಲ, ಅದು ನೆನಪಾಗಿ ಮತ್ತೆ ಮೊದಲಿನಿಂದ ಓದುತ್ತೇನೆ.

ಮಧ್ಯಾಹ್ನ ಮೇಡಂ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಅವರು ಹೋದ ಮೇಲೆ ಓದಿದ ಸಾಲನ್ನೇ ಮತ್ತೆ ಮೂರು ಸಲ ಓದಿದೆ. ಅವರು ಕೆಟ್ಟವರಲ್ಲ. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದ ನನ್ನನ್ನು ಕರೆದು ಕೂರಿಸಿದವರು ಅವರೇ. ಅದಕ್ಕೇ ಇನ್ನೂ ಹೆದರಿಕೆ.

ಮಾರ್ಚ್ 11, ಮಂಗಳವಾರ

ಅಕ್ಕ ಹೊತ್ತಿಗೆ ಮುಂಚೆ ಮನೆಗೆ ಬಂದಿದ್ದಾಳೆ. ನಾನು ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ನಿಂತು ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದೆ. ಆಗ ಹೇಳಿದಳು.

ಬೆಳಗ್ಗೆ ಒಬ್ಬ ಗಂಡಸು ಫೋನು ಮಾಡಿದ್ದ, ಹೆಂಡತಿಗೆ ಉಸಿರಾಡಲು ಆಗುತ್ತಿಲ್ಲ ಎಂದು. "ಯಾವ ಬೀದಿ ಅಂತ ಕೇಳ್ದೆ ಪುಟ್ಟಿ. 'ಬೇಗ ಬನ್ನಿ, ಬೇಗ ಬನ್ನಿ' ಅಷ್ಟೇ ಅವರ ಬಾಯಲ್ಲಿ. ಅಷ್ಟರಲ್ಲಿ ಫೋನು ಎಲ್ಲಿಂದ ಅಂತ ತೆರೆ ಮೇಲೆ ಜಾಗ ಬಂತು. ಜಾಗ ಬಂದ್ರೆ ಕೇಳ್ತಾ ಕೂರಬೇಡಿ, ಗಾಡಿ ಕಳಿಸಿ ಅಂತಲೇ ನಮಗೆ ಕಲಿಸಿರೋದು. ಕಳಿಸ್ದೆ."

ಗಾಡಿ ಹೋಗಿ ನಿಂತದ್ದು ಒಂದು ಬೇಕರಿಯ ಮುಂದೆ. ಅದಕ್ಕೂ ಹಿಂದಿನ ಕರೆ ಆ ಬೇಕರಿಯದೇ, ಒಬ್ಬನಿಗೆ ಕೈ ಸುಟ್ಟಿತ್ತು. ಅವನನ್ನು ಆಗಲೇ ಇನ್ನೊಂದು ಗಾಡಿ ಕರೆದೊಯ್ದಿತ್ತು. ತಪ್ಪು ತಿಳಿದು, ಸರಿಯಾದ ಬೀದಿ ಕೇಳಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಹೆಂಗಸಿನ ಜೀವ ಹೋಗಿತ್ತು. ಗಂಡ ದರ್ಜಿಯಂತೆ.

ಅಕ್ಕ ಹಿಂದಿನ ಕರೆಯನ್ನು ಮುಚ್ಚದೆ ಅದರ ವಿಳಾಸವನ್ನೇ ಗಾಡಿಗೆ ಕಳಿಸಿದ್ದಾಳೆ ಎಂಬುದು ಮೇಲಧಿಕಾರಿಯ ಮಾತು. ಗಾಡಿಗೆ ಯಾವ ಜಾಗ ಹೋಯಿತು ಎಂಬುದಕ್ಕೆ ದಾಖಲೆ ಇದೆ. ತೆರೆಯ ಮೇಲೆ ಏನು ಬಂದಿತ್ತು ಎಂಬುದಕ್ಕೆ ಇಲ್ಲ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಅಂದಿದ್ದಾರೆ.

ಅಮ್ಮ ತೀರಿಕೊಂಡ ದಿನವೂ ಅಕ್ಕ ಹೀಗಿರಲಿಲ್ಲ. ಅವಳೇ ಹೆದರಿದರೆ ನಾನು ಯಾರ ಹಿಂದೆ ನಿಲ್ಲಲಿ?

ಮಾರ್ಚ್ 12, ಬುಧವಾರ

ಅಕ್ಕ ಊಟ ಮಾಡಲಿಲ್ಲ. ಕಿಟಕಿಯ ಹತ್ತಿರ ಕೂತು, ನನಗಲ್ಲ, ತನಗೇ ಹೇಳಿಕೊಂಡಳು: "ನಾನೇ ಹಳೇದನ್ನ ಕಳಿಸಿದ್ದೆನೇನೋ."

ಮಾರ್ಚ್ 14, ಶುಕ್ರವಾರ

ದೀಪ ಹಾಕದೆ ಬರೆಯುತ್ತಿದ್ದೇನೆ. ಬರೆದದ್ದು ನಾಳೆ ನನಗೇ ಓದಲು ಬರುತ್ತದೋ ಇಲ್ಲವೋ.

ಇವತ್ತು ತುರ್ತು ಕರೆಗಳ ಕಡತಕ್ಕೆ ಬಂದೆ. ಫೋನಿನ ಜೊತೆಯಲ್ಲಿ ಮಾಹಿತಿಯ ಒಂದು ಪುಟ್ಟ ಪ್ಯಾಕೆಟ್ ಬರುತ್ತದೆ. ಅದರ ಬಾಲದಲ್ಲಿ ಕರೆ ಮಾಡಿದವರು ಎಲ್ಲಿದ್ದಾರೆ ಎಂಬುದು ಇರುತ್ತದೆ. ಅದನ್ನು ಬಿಡಿಸಿ ಓದುವುದು ಒಂದು ಫಂಕ್ಷನ್. ಪ್ಯಾಕೆಟ್ ಗಿಡ್ಡವಿದ್ದರೆ, ಅಂದರೆ ಹಳೆಯ ಫೋನೊಂದು ಜಾಗದ ವಿವರವನ್ನು ಕಳಿಸದೇ ಇದ್ದರೆ, ಅದು ಏನನ್ನೂ ತುಂಬದೆ 'ತಪ್ಪಾಯಿತು' ಎಂಬ ಉತ್ತರದೊಂದಿಗೆ ಹಿಂದಿರುಗುತ್ತದೆ. ಸರಿಯಾಗಿಯೇ ಇದೆ. ಆದರೆ ಅದನ್ನು ಕರೆದ ಫಂಕ್ಷನ್ ಆ ಉತ್ತರವನ್ನು ನೋಡುವುದೇ ಇಲ್ಲ. ಕೋಣೆಯ ಬಾಗಿಲು ತೆರೆದು, ಒಳಗೆ ಏನಿದೆಯೋ ಅದನ್ನೇ ಎತ್ತಿ ಅಕ್ಕನಂಥವರ ತೆರೆಗೆ ಕಳಿಸುತ್ತದೆ.

ಒಳಗೆ ಏನಿರುತ್ತದೆ? ಹಿಂದಿನವರು ಬಿಟ್ಟುಹೋದದ್ದು. ನಡುವೆ ಬೇರೆ ಕೆಲಸ ಆ ಕೋಣೆಯನ್ನು ಬಳಸಿದ್ದರೆ ಬರೀ ಕಸ. ಅಂಥ ಕಸವನ್ನು ಇದು ಜಾಗವೇ ಅಲ್ಲ ಎಂದು ಮುಂದಿನ ಪ್ರೋಗ್ರಾಮು ಎಸೆಯುತ್ತದೆ. ಆದರೆ ನಡುವೆ ಏನೂ ನುಸುಳದಿದ್ದರೆ ಅಲ್ಲಿರುವುದು ಹಿಂದಿನ ಕರೆಯ ವಿಳಾಸ. ಬೇಕರಿ.

ಎದ್ದು ಹೋಗಿ ಮುಖ ತೊಳೆದೆ. ಕನ್ನಡಿಯಲ್ಲಿ ಕಂಡವಳು ನನಗಿಂತ ಬೆಳ್ಳಗಿದ್ದಳು. ಮರಳಿ ಬಂದು ಕಡತ ಮುಚ್ಚಿದೆ, ಬೇರೆ ಕಡತ ತೆಗೆದೆ, ಸಂಜೆಯವರೆಗೆ ಅದರಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಅಕ್ಕನನ್ನು ಉಳಿಸುವ ಆಸೆಯಿಂದ ಹೀಗೆ ಕಾಣುತ್ತಿದೆಯೇ? ಹಸಿದವರಿಗೆ ಚಂದ್ರನೂ ರೊಟ್ಟಿಯಂತೆ. ಯಾರಿಗಾದರೂ ಹೇಳಿ, ಅದು ಸುಳ್ಳಾದರೆ? ನಿಜವಾದರೆ ಇನ್ನೂ ಭಯ.

ಮಾರ್ಚ್ 15, ಶನಿವಾರ

ರಜೆ. ಅಕ್ಕ ಮತ್ತು ನಾನು ಇಡೀ ದಿನ ಎರಡು ಕೋಣೆಗಳಲ್ಲಿ. "ಯಾಕೆ ನನ್ನ ಮುಖ ಹಾಗೆ ನೋಡ್ತೀಯ?" ಎಂದು ಕೇಳಿದಳು. ಏನಿಲ್ಲ ಅಂದೆ. ಗುತ್ತಿಗೆ ಪತ್ರದಲ್ಲಿ ಇದೆ: ಕಂಪನಿಯ ಒಳಗಿನದನ್ನು ಹೊರಗೆ ಬಾಯಿ ಬಿಡುವಂತಿಲ್ಲ. ಕೋರ್ಟು ಎಂಬ ಶಬ್ದವೂ ಅದರಲ್ಲಿದೆ.

ಕೆಳಗಿನ ರಸ್ತೆಯಲ್ಲಿ ಆಂಬುಲೆನ್ಸಿನ ಸೈರನ್ ಕೂಗುತ್ತ ಹೋಯಿತು. ಇಬ್ಬರೂ ಕಿಟಕಿಯತ್ತ ನೋಡಲಿಲ್ಲ.

ಮಾರ್ಚ್ 17, ಸೋಮವಾರ

ಮಾಡಿಯೇಬಿಟ್ಟೆ. ಹೇಳಿ ತಪ್ಪಾಗುವುದಕ್ಕಿಂತ ನೋಡಿ ಸಾಯುವುದು ಮೇಲು ಅನಿಸಿತು.

ನಮ್ಮ ಪ್ರಯೋಗಶಾಲೆಯಲ್ಲಿ ನಿಯಂತ್ರಣ ಕೊಠಡಿಯಲ್ಲಿರುವಂಥದೇ ಪೆಟ್ಟಿಗೆ ಒಂದಿದೆ. ಅದಕ್ಕೆ ಮೊದಲು ಜಾಗವಿರುವ ಸುಳ್ಳು ಕರೆ, ಬೆನ್ನಿಗೇ ಜಾಗವಿಲ್ಲದ ಗಿಡ್ಡ ಕರೆ ಕಳಿಸಿದೆ. ಕಸ ಬಂತು. ಮತ್ತೆ ಕಳಿಸಿದೆ, ಕಸ. ಊಟದ ಹೊತ್ತು ಕಳೆಯಿತು. ನನ್ನ ಭಯವೆಲ್ಲ ಬರೀ ಭ್ರಮೆ ಎಂದು ಸಮಾಧಾನವಾಗುತ್ತ ಬಂತು. ಅಷ್ಟರಲ್ಲಿ ಎರಡನೆಯ ಕರೆಗೆ ಮೊದಲನೆಯದರ ಜಾಗ ಬಂತು. ಅಚ್ಚುಕಟ್ಟಾಗಿ, ಒಂದು ಅಂಕಿಯೂ ತಪ್ಪದೆ.

ಹಿಂದೆ ಯಾರೋ ಉಸಿರು ಎಳೆದುಕೊಂಡರು. ಸೊನ್ನೆರಾಯ. ಕಾಫಿ ಲೋಟ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ನೀವು ಇದನ್ನ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ" ಅಂದ. "ಒಂದು ಸೊನ್ನೆ ಹಾಕಿ ಮುಚ್ಚಿಬಿಡಿ."

"ಸೊನ್ನೆನೂ ಒಂದು ಜಾಗವೇ" ಅಂದೆ. "ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಅಂದ್ರೆ ನಡು ಸಮುದ್ರ. ಮುಂದಿನ ಪ್ರೋಗ್ರಾಮು ಅದನ್ನ ಕಸ ಅಂತ ಎಸೆಯೋಲ್ಲ, ನಿಜ ಅಂತ ನಂಬತ್ತೆ. ಸಮುದ್ರಕ್ಕೆ ಹತ್ತಿರ ಅಂತ ಬಂದರಿನ ಗಾಡಿಯನ್ನೇ ಕಳಿಸತ್ತೆ. ಈಗ ಅಪರೂಪಕ್ಕೆ ತಪ್ಪಾಗ್ತಿದೆ, ಆಮೇಲೆ ಪ್ರತಿ ಸಲ ಆಗತ್ತೆ."

ಅವನು ಲೋಟ ಕೆಳಗಿಟ್ಟು ಹೊರಟುಹೋದ. ಕಾಫಿ ಹಾಗೇ ತಣ್ಣಗಾಯಿತು. ಜೋರಾಗಿ ಮಾತಾಡಿಬಿಟ್ಟೆನೇನೋ. ಹಾಗೆ ಮಾತಾಡಬಾರದಿತ್ತು.

ಮಾರ್ಚ್ 18, ಮಂಗಳವಾರ

ಮೇಡಂಗೆ ಹೇಳಿದೆ. ಕೋಣೆಯ ಬಾಗಿಲಿಗೆ ಮೂರು ಸಲ ಹೋಗಿ ಹಿಂದಿರುಗಿದ್ದೆ. ಕೊನೆಗೆ ಅವರೇ "ಒಳಗೆ ಬನ್ನಿ, ಬಾಗಿಲು ಸವೆಯತ್ತೆ" ಅಂದರು.

ಪ್ರಯೋಗದ ಫಲಿತಾಂಶ ತೋರಿಸಿದೆ. ಅವರು ಬಹಳ ಹೊತ್ತು ತೆರೆ ನೋಡಿದರು. ಕೂಗುತ್ತಾರೆ ಅಂದುಕೊಂಡಿದ್ದೆ, ಕೂಗಲಿಲ್ಲ.

"ಸರಿಪಡಿಸಿ. ಮುಂದಿನ ಬಿಡುಗಡೆಯಲ್ಲಿ ಹೋಗತ್ತೆ. ಷರಾದಲ್ಲಿ 'ಎಚ್ಚರಿಕೆ ನಿವಾರಿಸಲಾಗಿದೆ' ಅಂತ ಬರೆದ್ರೆ ಸಾಕು."

"ಮುಂದಿನ ಬಿಡುಗಡೆ ಬೇಸಿಗೆ ಕಳೆದ ಮೇಲೆ, ಮೇಡಂ. ಪೆಟ್ಟಿಗೆ ಅಲ್ಲಿ ಈಗಲೂ ಓಡ್ತಿದೆ."

"ನನಗೆ ಗೊತ್ತು."

"ಈಗಾಗಲೇ ಒಬ್ರು..."

"ನಿಮ್ಮ ಅಕ್ಕ ಅಲ್ಲೇ ಕೆಲಸ ಮಾಡೋದಲ್ವಾ?" ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. "ನೀವು ಇದನ್ನ ಎಲ್ಲಿ ಹೇಳಿದ್ರೂ ಮೊದಲು ಕೇಳೋ ಪ್ರಶ್ನೆ ಅದು. ಅಕ್ಕನ್ನ ಉಳಿಸೋಕೆ ಕಂಪನಿ ಮೇಲೆ ಹಾಕ್ತಿದ್ದಾಳೆ ಅಂತಾರೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದು ಅವರ ಲೆಕ್ಕ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದೆ. ಸಿಗಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಮಾರ್ಚ್ 20, ಗುರುವಾರ

ಸಂಜೆ ಮನೆಗೆ ಬಂದರೆ ಅಕ್ಕ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೂತಿದ್ದಳು. ಹತ್ತು ದಿನಗಳಲ್ಲಿ ಮೊದಲ ಸಲ. ಸಂತೋಷವಾಯಿತು. ಆಮೇಲೆ ಕಾರಣ ತಿಳಿಯಿತು.

"ನಾಳೆ ಬೆಳಗ್ಗೆ ಹೋಗಿ ತಪ್ಪು ನಂದೇ ಅಂತ ಬರೆದುಕೊಡ್ತೀನಿ. ಬರೆದುಕೊಟ್ರೆ ಬೇರೆ ಕಡೆ ಹಾಕ್ತಾರಂತೆ, ಇಲ್ಲಾಂದ್ರೆ ಮನೆಗೇ. ಅದಕ್ಕಲ್ಲ ಪುಟ್ಟಿ. ನನ್ನ ಕೈಯಿಂದಲೇ ಆಗಿರಬೇಕು. ಯಂತ್ರ ತಾನಾಗೇ ಹಳೇ ವಿಳಾಸ ಯಾಕೆ ತೋರಿಸತ್ತೆ?"

ಗುತ್ತಿಗೆ ಪತ್ರ, ಕೋರ್ಟು, ಮೇಡಂ ಎಲ್ಲ ಒಮ್ಮೆಗೇ ಕಣ್ಣ ಮುಂದೆ ನಿಂತವು. ಆದರೂ ಬಾಯಿ ತನ್ನಷ್ಟಕ್ಕೆ ಹೇಳಿತು: "ತೋರಿಸತ್ತೆ ಅಕ್ಕಾ. ನಾನೇ ನೋಡಿದೀನಿ."

ಎಲ್ಲ ಹೇಳಿದೆ. ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ.

"ನಿಂಗೆ ಯಾವಾಗ ಗೊತ್ತಾಯ್ತು?"

"ಶುಕ್ರವಾರ."

"ಇವತ್ತು ಗುರುವಾರ."

ನಾನು ತಲೆ ತಗ್ಗಿಸಿದೆ.

"ಶುಕ್ರವಾರದಿಂದ ನನ್ನ ಜೊತೆಯವರು ಅದೇ ತೆರೆ ನಂಬ್ಕೊಂಡು ಗಾಡಿ ಕಳಿಸ್ತಿದಾರೆ. ನೀನು ನನ್ನೆದುರು ಕೂತು ಊಟ ಮಾಡ್ತಿದ್ದೆ." ದನಿ ಎತ್ತಲಿಲ್ಲ. ಚಿಕ್ಕಂದಿನಲ್ಲಿ ಹೊಡೆದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ.

ಆಗಲೇ ಫೋನು ಎತ್ತಿ ಕೊಠಡಿಗೆ ಮಾಡಿದಳು. ಪಾಳಿಯಲ್ಲಿದ್ದ ಗೆಳತಿಗೆ ಹೇಳಿದ್ದು ಇಷ್ಟು: "ತೆರೆ ಮೇಲೆ ಜಾಗ ಬಂದ್ರೂ ನಂಬಬೇಡ. ಬಾಯಿಬಿಟ್ಟು ಬೀದಿ ಕೇಳು. ಅತ್ರೂ ಕೇಳು, ಬೈದ್ರೂ ಕೇಳು. ಎಲ್ಲರಿಗೂ ಹೇಳು. ಯಾಕೆ ಅಂತ ನಾಳೆ ಹೇಳ್ತೀನಿ, ಈಗ ಕೇಳಬೇಡ." ತನ್ನ ಮೇಲಿನ ಆರೋಪದ ಬಗ್ಗೆ ಒಂದು ಮಾತಿಲ್ಲ.

ಫೋನು ಇಟ್ಟ ಮೇಲೆ ನನ್ನತ್ತ ತಿರುಗಿ, "ಊಟ ಮಾಡಿದ್ಯಾ?" ಎಂದು ಕೇಳಿದಳು. ಅದಕ್ಕೆ ನಾನು ಅತ್ತೆ.

ಮಾರ್ಚ್ 21, ಶುಕ್ರವಾರ

ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಮೇಡಂ ಕೋಣೆಯಲ್ಲಿ ಕೂತಿದ್ದೆ. ಅವರು ಬಂದು ಕೋಟು ಕಳಚುವಷ್ಟರಲ್ಲೇ ಹೇಳಿದೆ: "ನಿನ್ನೆ ಅಕ್ಕನಿಗೆ ಹೇಳಿದೀನಿ. ಅವಳು ಕೊಠಡಿಗೆ ಹೇಳಿದಾಳೆ. ಮಧ್ಯಾಹ್ನದೊಳಗೆ ನಿಮಗೆ ಫೋನು ಬರತ್ತೆ. ಅದಕ್ಕಿಂತ ಮುಂಚೆ ನಾವೇ ಹೋಗೋಣ."

ಕೋಟಿನ ಒಂದು ತೋಳು ಕಳಚಿತ್ತು, ಇನ್ನೊಂದು ಇಲ್ಲ. ಹಾಗೇ ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಕಳಚಿದ ತೋಳನ್ನು ಮತ್ತೆ ತೊಟ್ಟುಕೊಂಡರು.

ಅವರ ಕಾರಿನಲ್ಲೇ ಹೊರಟೆವು. ಸಿಗ್ನಲ್ ಒಂದರಲ್ಲಿ ನಿಂತಾಗ, ಎದುರಿನ ಕೆಂಪು ದೀಪವನ್ನೇ ನೋಡುತ್ತ, "ಹಳೇ ಕಂಪೈಲರ್‌ನಲ್ಲಿ ಈ ಎಚ್ಚರಿಕೆ ಬಾರದ ಹಾಗೆ ಮಾಡಿದ್ದು ನಾನೇ" ಅಂದರು. "ನೂರು ಸಲ ಸುಳ್ಳು ಹೇಳ್ತಿತ್ತು. ತಲೆನೋವು ಅಂತ ಬಾಯಿ ಮುಚ್ಚಿಸ್ದೆ." ದೀಪ ಹಸಿರಾಗಿದೆ ಎಂದಷ್ಟೇ ಹೇಳಿದೆ.

ನಿಯಂತ್ರಣ ಕೊಠಡಿಯ ಮೇಲಧಿಕಾರಿ ಎತ್ತರದ ಮನುಷ್ಯ, ಮಾತಿಗೆ ಮುಂಚೆ ಗಡಿಯಾರ ನೋಡುತ್ತಾರೆ. ಅಷ್ಟರಲ್ಲಿ ಬಂದಿದ್ದ ಅಕ್ಕನನ್ನು ಒಳಗೆ ಬಿಡಲಿಲ್ಲ. ಹೊರಗಿನ ಓಣಿಯ ಬೆಂಚಿನಲ್ಲಿ ಕೂರಿಸಿದರು. "ತಂಗಿ ಅಕ್ಕನ ಪರವಾಗಿ ಸಾಕ್ಷಿ ಹೇಳೋಕೆ ಬಂದಿದಾಳೆ" ಎಂದು ಪಕ್ಕದವರಿಗೆ ಅಂದದ್ದು ನನ್ನ ಕಿವಿಗೆ ಬಿತ್ತು.

"ನನ್ನ ಸಾಕ್ಷಿ ಬೇಡ ಸರ್" ಅಂದೆ. "ನಿಮ್ಮದೇ ಯಂತ್ರ, ನಿಮ್ಮದೇ ಫೋನು, ನಿಮ್ಮವರ ಕೈ. ನಾನು ಏನನ್ನೂ ಮುಟ್ಟೋಲ್ಲ."

ಅಭ್ಯಾಸಕ್ಕೆಂದು ಇಟ್ಟಿದ್ದ ಒಂದು ಮೇಜಿಗೆ ಕರೆಗಳನ್ನು ತಿರುಗಿಸಿದರು. ಒಬ್ಬರು ಹೊಸ ಫೋನಿನಿಂದ, ಇನ್ನೊಬ್ಬರು ಬೆನ್ನಿಗೇ ಹಳೆಯ ಫೋನಿನಿಂದ. ತೆರೆ ಖಾಲಿ. ಮತ್ತೆ. ಖಾಲಿ. ಆ ಮನುಷ್ಯ ಗಡಿಯಾರ ನೋಡಿದರು. ಕೊಠಡಿಯ ಆಚೆ ಬದಿಯಲ್ಲಿ ನಿಜವಾದ ಕರೆಗಳು ಬರುತ್ತಿದ್ದವು, ಅಕ್ಕನ ಗೆಳತಿಯರು "ಯಾವ ಬೀದಿ? ಬೀದಿ ಹೆಸರು ಹೇಳಿ" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಆ ದನಿಗಳನ್ನೇ ಹಿಡಿದುಕೊಂಡು ನಿಂತಿದ್ದೆ.

"ಇನ್ನೆಷ್ಟು ಸಲ?" ಎಂದರು.

"ಬರೋವರೆಗೆ" ಅಂದದ್ದು ನಾನಲ್ಲ, ಮೇಡಂ.

ಬಂತು. ಹೊಸ ಫೋನು ಹಿಡಿದವರನ್ನು ಕೆಳಗೆ ಬೀದಿಯ ತುದಿಗೆ ಕಳಿಸಿದ್ದೆವು. ಹಳೆಯ ಫೋನು ಹಿಡಿದವರು ಇದೇ ಕೋಣೆಯಲ್ಲಿ ನಮ್ಮ ಎದುರು ನಿಂತಿದ್ದರು. ತೆರೆ ಅವರನ್ನು ಬೀದಿಯ ತುದಿಯಲ್ಲಿ ತೋರಿಸಿತು.

ಮೇಲಧಿಕಾರಿ ತೆರೆಯನ್ನು ನೋಡಿದರು, ಎದುರು ನಿಂತವರನ್ನು ನೋಡಿದರು. ಗಡಿಯಾರ ನೋಡಲಿಲ್ಲ. ಆಮೇಲೆ ತಾವೇ ಹೋಗಿ ಓಣಿಯ ಬಾಗಿಲು ತೆಗೆದು, "ಒಳಗೆ ಬನ್ನಿಮ್ಮಾ" ಎಂದು ಅಕ್ಕನನ್ನು ಕರೆದರು.

ಇಡೀ ದಿನ ಹೆದರಿಕೆಯಲ್ಲೇ ಕಳೆಯಿತು. ನನ್ನಂಥ ಪುಕ್ಕಲಿಗೆ ಇಂಥ ಕೆಲಸ ಒಗ್ಗುವುದಿಲ್ಲ.

ಮಾರ್ಚ್ 25, ಮಂಗಳವಾರ

ತಿದ್ದಿದ ಪ್ರೋಗ್ರಾಮು ನಿನ್ನೆಯೇ ಅಲ್ಲಿನ ಪೆಟ್ಟಿಗೆಗೆ ಹೋಯಿತು. ನಾನು ಬರೆದದ್ದು ನಾಲ್ಕೇ ಸಾಲು: ಪ್ಯಾಕೆಟ್‌ನಲ್ಲಿ ಜಾಗ ಇಲ್ಲದಿದ್ದರೆ 'ಜಾಗ ತಿಳಿದಿಲ್ಲ, ಕೇಳಿ' ಎಂದು ಹೇಳು. ಷರಾವನ್ನು ಮೇಡಂ ತಾವೇ ಬರೆದರು, ಏನಾಗುತ್ತಿತ್ತು ಎಂಬುದನ್ನು ಮುಚ್ಚದೆ.

ಕಂಪನಿಯ ಮೇಲಿನವರಿಂದ ನನಗೆ ಪತ್ರ ಬಂದಿದೆ. ಗುತ್ತಿಗೆ ಮುಂದುವರಿಸುವುದಿಲ್ಲ, ಈ ತಿಂಗಳ ಕೊನೆಗೆ ಮುಗಿಯಿತು. ಕಾರಣ ಬರೆದಿಲ್ಲ. ಮೇಡಂ ಪತ್ರ ಕೊಡುವಾಗ ನನ್ನ ಮುಖ ನೋಡಲಿಲ್ಲ. "ಉಳಿದ ದಿನ ರಜೆ ತಗೊಳ್ಳಿ" ಅಂದರು. ಬೇಡ ಅಂದೆ. ಇನ್ನೂ ಓದದ ಎಚ್ಚರಿಕೆಗಳು ರಾಶಿ ಇವೆ. ಅವುಗಳಲ್ಲಿ ಏನಿದೆಯೋ ಎಂದು ನೆನೆದರೆ ಮನೆಯಲ್ಲಿ ಕೂರಲು ಆಗುವುದಿಲ್ಲ.

"ತಿಂಗಳೊಳಗೆ ಮುಗಿಯತ್ತಾ?" ಎಂದು ಕೇಳಿದರು.

"ಮುಗಿಯೋಲ್ಲ. ಅವಸರ ಮಾಡೋಕಾಗಲ್ಲ ಮೇಡಂ."

ಅವರು ಸರಿ ಅಂದರು.

ಮಧ್ಯಾಹ್ನ ಸೊನ್ನೆರಾಯ ಕುರ್ಚಿ ಎಳೆದುಕೊಂಡು ಬಂದ. "ನಾನು ಹಾಕಿರೋ ಸೊನ್ನೆಗಳನ್ನೆಲ್ಲ ತೆಗೆದು ಮತ್ತೆ ನೋಡಬೇಕು ಅಂತಿದೀನಿ. ಒಬ್ನೇ ನೋಡೋಕೆ ಭಯ ಆಗತ್ತೆ. ಪಕ್ಕದಲ್ಲಿ ಕೂತ್ಕೊಳ್ತೀರಾ?" ಸಂಜೆಯವರೆಗೆ ಇಬ್ಬರೂ ಓದಿದೆವು. ಯಾರಾದರೂ ಧೈರ್ಯಸ್ಥರನ್ನು ಕೇಳುವುದು ಬಿಟ್ಟು ನನ್ನನ್ನು ಯಾಕೆ ಕೇಳಿದನೋ.

ಮಾರ್ಚ್ 29, ಶನಿವಾರ

ಅಕ್ಕನ ಜೊತೆ ದರ್ಜಿಯ ಅಂಗಡಿಗೆ ಹೋಗಿದ್ದೆ. ಅವಳ ಮೇಲಿನ ಆರೋಪ ಕೈಬಿಟ್ಟಿದ್ದಾರೆ, ಸೋಮವಾರದಿಂದ ಕೆಲಸಕ್ಕೆ ಹೋಗುತ್ತಾಳೆ. ಅದಕ್ಕೂ ಮೊದಲು ಅವರನ್ನು ನೋಡಲೇಬೇಕು ಅಂದಳು. ನನಗೆ ಇಷ್ಟವಿರಲಿಲ್ಲ. ಅವರು ಬೈದರೆ, ಅಟ್ಟಿದರೆ, ಅತ್ತರೆ? ಬಸ್ಸಿನಲ್ಲಿ ಅಕ್ಕನ ಕೈ ತಣ್ಣಗಿತ್ತು. ಹಿಡಿದುಕೊಂಡೆ.

ಕಿರಿದಾದ ಅಂಗಡಿ, ಮೇಲಿನ ಮಹಡಿಯಲ್ಲೇ ಮನೆ. ಗೋಡೆಯ ತುಂಬ ನೂಲಿನ ಉಂಡೆಗಳು. ಒಬ್ಬ ಸಣ್ಣ ಮೈಯ ಮನುಷ್ಯ ಯಂತ್ರದ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ಅಕ್ಕ ತಾನು ಯಾರೆಂದು ಹೇಳಿದಳು. ಅವರು ತಲೆಯೆತ್ತದೆ, "ದನಿ ಕೇಳಿದ ತಕ್ಷಣ ಗೊತ್ತಾಯ್ತು ತಾಯಿ" ಅಂದರು.

ಅಕ್ಕ ಎಲ್ಲ ಹೇಳಿದಳು. ತೆರೆಯ ಮೇಲೆ ಹಿಂದಿನವರ ವಿಳಾಸ ಬಂದದ್ದು, ಅದನ್ನು ತಾನು ನಂಬಿದ್ದು, ಗಾಡಿ ಬೇಕರಿಗೆ ಹೋದದ್ದು. ಕಂಪ್ಯೂಟರಿನ ವಿಷಯ ಬಂದಾಗ ನಾನು ಎರಡು ಮಾತು ಸೇರಿಸಿದೆ.

"ಮತ್ತೆ ಇನ್ಯಾರಿಗೂ ಹೀಗಾಗಲ್ಲ ಅಲ್ವಾ ಅಮ್ಮ?" ಎಂದು ನನ್ನನ್ನು ಕೇಳಿದರು.

ಆಗಲ್ಲ ಎಂದು ಹೇಳಿಬಿಡಬಹುದಿತ್ತು. "ಈ ಕಾರಣದಿಂದ ಆಗಲ್ಲ" ಅಂದೆ. "ಬೇರೆ ಕಾರಣಗಳು ಇರಬಹುದು. ನೋಡ್ತಿದೀವಿ."

ಅವರು ತಲೆ ಆಡಿಸಿದರು. ಬಟ್ಟೆಯ ಮೇಲೆ ಅಂಗೈಯನ್ನು ಹಿಂದೆ ಮುಂದೆ ಸವರಿ, ಅಕ್ಕನತ್ತ ತಿರುಗಿದರು.

"ನೀವು ಫೋನಲ್ಲಿ ಹೇಳಿದ್ರಿ, ಗಾಡಿ ನಿಮ್ಮ ಮನೆ ಮುಂದೇನೇ ನಿಂತಿದೆ, ಇಳಿದು ಬಾಗಿಲು ತೆಗೀರಿ ಅಂತ."

"ಹೇಳಿದ್ದೆ" ಎಂದಳು ಅಕ್ಕ. ಇದನ್ನು ಅವಳು ನನಗೆ ಹೇಳಿರಲಿಲ್ಲ.

"ಅವಳ ತಲೆ ನನ್ನ ತೊಡೆ ಮೇಲಿತ್ತು. ಕೆಳಗಿಟ್ಟು ಏಳೋಕೆ ಮನಸ್ಸು ಬರಲಿಲ್ಲ. ಒಂದು ಗಳಿಗೆ ಹಾಗೇ ಕೂತೆ. ಆಮೇಲೆ ಓಡಿ ಇಳಿದೆ. ಬೀದೀಲಿ ಗಾಡಿ ಇರಲಿಲ್ಲ. ನಾನು ತಡ ಮಾಡಿದ್ದಕ್ಕೇ ಹೊರಟುಹೋಯ್ತು ಅಂದ್ಕೊಂಡು ಮೂಲೆವರೆಗೂ ಓಡಿದೆ. ವಾಪಸ್ ಮೇಲೆ ಬಂದಾಗ..." ಅಲ್ಲಿಗೆ ನಿಲ್ಲಿಸಿದರು. ಮತ್ತೆ ಕೇಳಿದರು: "ಹಾಗಾದ್ರೆ ಆ ಹೊತ್ತಿಗೆ ನಮ್ಮ ಬೀದಿಗೆ ಗಾಡಿ ಬಂದೇ ಇರಲಿಲ್ವಾ?"

"ಬಂದೇ ಇರಲಿಲ್ಲ" ಎಂದಳು ಅಕ್ಕ.

"ಬಂದು, ಕಾದು, ಹೋಗಿರಲಿಲ್ಲ?"

"ಇಲ್ಲ. ನೀವು ತಡ ಮಾಡಿದ್ದರಿಂದ ಏನೂ ಆಗಲಿಲ್ಲ. ಗಾಡಿ ಆಗ ಊರಿನ ಆ ತುದೀಲಿತ್ತು."

ಅವರು ಕನ್ನಡಕ ತೆಗೆದು ಯಂತ್ರದ ಮೇಲಿಟ್ಟರು.

"ಹಾಗಿದ್ರೆ ನಾನು ಇಳಿಯಬೇಕಾಗಿರಲಿಲ್ಲ. ಅವಳ ಹತ್ರ ಇನ್ನೂ ಸ್ವಲ್ಪ ಕೂತಿರಬಹುದಿತ್ತು" ಅಂದರು.

ಅಕ್ಕ ಒಂದು ಸ್ಟೂಲು ಎಳೆದು ಅವರ ಪಕ್ಕದಲ್ಲಿ ಕೂತಳು. ನಾನು ಬಾಗಿಲ ಹತ್ತಿರದ ಬಟ್ಟೆಯ ಗಂಟಿನ ಮೇಲೆ ಕೂತೆ. ಅಂಗಡಿ ಮುಚ್ಚುವ ಹೊತ್ತಿನವರೆಗೂ ಮೂವರೂ ಹಾಗೇ ಕೂತಿದ್ದೆವು.